ಪಂಚಾಂಗದ ಅಂಚಿನಲ್ಲಿ ಬರೆದ ಲೆಕ್ಕ

ಅಮ್ಮನಿಗೆ ಒಂದು ಅಭ್ಯಾಸವಿದೆ. ಯಾರಿಗೆ ದುಡ್ಡು ಕೊಟ್ಟರೂ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಆ ದಿನದ ಪಕ್ಕ ಪೆನ್ಸಿಲ್‌ನಲ್ಲಿ ಬರೆದಿಡುತ್ತಾಳೆ. ಹಾಲಿಗೆ ಇಷ್ಟು, ಚೀಟಿಗೆ ಇಷ್ಟು, ಮದುವೆ ಮುಯ್ಯಿ ಇಷ್ಟು. ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೂ ಹಳೆಯದನ್ನು ಎಸೆಯುವುದಿಲ್ಲ, ಬೀರುವಿನ ಕೆಳಗಿನ ಖಾನೆಯಲ್ಲಿ ಕಟ್ಟಿಡುತ್ತಾಳೆ. 2019ರಿಂದ 2023ರವರೆಗಿನ ಆ ಪುಸ್ತಕಗಳಲ್ಲಿ ಏಕಾದಶಿ, ಅಮಾವಾಸ್ಯೆಗಳ ನಡುವೆ 'ಲಾಯರ್ 500' ಅಂತ 23 ಕಡೆ ಇದೆ. 'ಲಾಯರ್ 10,000' ಅಂತ ಕೆಲವು ಕಡೆ ಇದೆ. ಎಲ್ಲ ಕೂಡಿದರೆ 86,500 ರೂಪಾಯಿ. ಕೊಟ್ಟ ಯಾವ ದುಡ್ಡಿಗೂ ನಮ್ಮ ಹತ್ತಿರ ಒಂದು ರಸೀದಿ ಇರಲಿಲ್ಲ.

ಕೇಸು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಮ್ಮನ ತವರು ಮಂಡ್ಯ ತಾಲ್ಲೂಕು. ಅಲ್ಲಿ ತಾತನ ಕಾಲದ 2 ಎಕರೆ 10 ಗುಂಟೆ ಗದ್ದೆ ಇದೆ, ನಾಲೆ ನೀರು ಬೀಳುವ ಜಮೀನು. ತಾತ 1998ರಲ್ಲಿ ಹೋದರು, ಅಜ್ಜಿ ಅದಕ್ಕಿಂತ ಮುಂಚೆಯೇ ಹೋಗಿದ್ದರು. ಮಕ್ಕಳು ಮೂವರು, ಇಬ್ಬರು ಮಾವಂದಿರು ಮತ್ತು ಅಮ್ಮ. ಅಮ್ಮನ ಮದುವೆ ಆಗಿದ್ದು 1979ರಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಮ್ಮೆ ಹೋಗಿ ನನ್ನ ಭಾಗ ಅಂತ ಸ್ವಲ್ಪ ಕೊಡಿ ಅಂತ ಕೇಳಿದಳು. 'ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೀವಲ್ಲ, ಇನ್ನೇನು' ಅಂದರು. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಆಮೇಲೆ ನಾನೇ ಒತ್ತಾಯ ಮಾಡಿ ಭಾಗದ ದಾವೆ ಹಾಕಿಸಿದೆ. ಅಂದರೆ ಮುಂದೆ ಆಗಿದ್ದಕ್ಕೆಲ್ಲ ಬಾಗಿಲು ತೆಗೆದವಳು ನಾನೇ.

ವಕೀಲರು ಮಂಡ್ಯದವರು, ಪರಿಚಯದವರೊಬ್ಬರು ಹೇಳಿದ್ದು. ಮೊದಲ ದಿನ ಅವರು ಮಾತಾಡಿದ ರೀತಿ ನಮಗೆ ತುಂಬಾ ಹಿಡಿಸಿತು. 'ಅಮ್ಮಾ, ನೀವು ಚಿಂತೆ ಮಾಡಬೇಡಿ, ನಿಮ್ಮ ಮಗ ಅಂದ್ಕೊಳಿ' ಅಂದರು. ಪೂರ್ತಿ ಕೇಸಿಗೆ 50,000 ಫೀಸು, ಕೋರ್ಟ್ ಖರ್ಚು ಬೇರೆ ಅಂದರು. ಕಾಗದದಲ್ಲಿ ಏನೂ ಬರೆಯಲಿಲ್ಲ. ನಾವು ಕೇಳಲೂ ಇಲ್ಲ. ನಮ್ಮ ಪರ ಅವರೇ ವಕೀಲರು ಅನ್ನುವ ವಕಾಲತ್ತಿಗೆ ಅಮ್ಮನ ಸಹಿ ತೆಗೆದುಕೊಂಡರು, 20,000 ಮುಂಗಡ, ಕೋರ್ಟ್ ಶುಲ್ಕ ಮತ್ತು ಖರ್ಚಿಗೆ ಅಂತ 12,000. ಅಮ್ಮ ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಎಣಿಸಿ ಕೊಟ್ಟಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲು ಅಮ್ಮ ಪ್ರತಿ ವಾಯ್ದೆಗೂ ಹೋಗುತ್ತಿದ್ದಳು. ಬೆಳಗ್ಗೆ ಐದಕ್ಕೆ ಎದ್ದು, ಒಳ್ಳೆ ಸೀರೆ ಉಟ್ಟು, ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಮೈಸೂರಿನಿಂದ ರೈಲು ಹತ್ತುವುದು. ಕೋರ್ಟಿನ ಹೊರಗೆ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂರುವುದು. ಒಳಗೆ ಹೆಸರು ಕೂಗಿದರೆ ಎದ್ದು ನಿಲ್ಲುವುದು. ಎರಡು ನಿಮಿಷದಲ್ಲಿ ಮುಂದಿನ ವಾಯ್ದೆ. ಇವತ್ತು ಏನಾಯಿತು ಅಂತ ಕೇಳಿದರೆ 'ನಡೀತಿದೆ ಅಮ್ಮಾ' ಅನ್ನುತ್ತಿದ್ದರು. ಕೊರೊನಾ ಆದ ಮೇಲೆ 'ನೀವು ಬರೋದು ಬೇಡ, ನಾನಿದ್ದೀನಲ್ಲ, ಅಗತ್ಯ ಬಿದ್ರೆ ಫೋನ್ ಮಾಡ್ತೀನಿ' ಅಂದರು. ಮೊಣಕಾಲು ನೋವಿತ್ತು, ಅಮ್ಮನಿಗೂ ಅದು ಸಮಾಧಾನವೇ ಆಯಿತು. ಫೋನ್ ಬರುತ್ತಿದ್ದದ್ದು ದುಡ್ಡಿಗೆ ಮಾತ್ರ. ತಡೆಯಾಜ್ಞೆಗೆ ಅಂತ 10,000. ಮುಂದಿನ ವರ್ಷ 10,000, ಅದರ ಮುಂದಿನ ವರ್ಷ ಇನ್ನೊಂದು 10,000. ಜಮೀನು ಅಳೆಯಲು ಕೋರ್ಟ್ ಕಮಿಷನರ್ ಬರುತ್ತಾರೆ, ಅವರ ಖರ್ಚಿಗೆ 8,000. ಕಮಿಷನರ್ ಯಾವತ್ತೂ ಬರಲಿಲ್ಲ.

2023ರ ಜನವರಿ, ಸಂಕ್ರಾಂತಿ ಮುಗಿದು ಎರಡು ದಿನ ಆಗಿತ್ತು. 'ಸಾಕ್ಷಿ ಹಂತಕ್ಕೆ ಬಂದಿದೆ, 5,000 ಕಳಿಸಿ' ಅಂತ ಫೋನ್. ನಾನು ಫೋನ್‌ಪೇ ಮಾಡಿದೆ.

ಫೆಬ್ರುವರಿಯಲ್ಲಿ ಅಕ್ಕನ ಮಗ ಊಟಕ್ಕೆ ಬಂದಿದ್ದ. ಮೈಸೂರಿನಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಮ್ಮ ಕೇಸ್ ವಿಷಯ ತೆಗೆದಾಗ, ಅದು ಮೊಬೈಲಲ್ಲೇ ಕಾಣತ್ತೆ ಅಂದ. ಇ-ಕೋರ್ಟ್ಸ್ ಅಂತ ಆ್ಯಪ್ ಇದೆ, ಸರ್ಕಾರದ್ದೇ, ಕಾಸು ಕೊಡಬೇಕಿಲ್ಲ. ಜಿಲ್ಲೆ, ಕೋರ್ಟ್, ಕಕ್ಷಿದಾರರ ಹೆಸರು, ವರ್ಷ ಹಾಕಿದರೆ ಕೇಸು ಸಿಗುತ್ತದೆ. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕೆಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ, ಅದು ಗೊತ್ತಿದ್ದರೆ ಇನ್ನೂ ಸುಲಭ. ನಾಲ್ಕು ವರ್ಷದಲ್ಲಿ ಆ ನಂಬರ್ ಇದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಅವನು ಹುಡುಕಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದ.

17 ನವೆಂಬರ್ 2022. ಕೇಸ್ ವಜಾ. ವಾದಿ ಗೈರು, ವಾದಿಯ ವಕೀಲರೂ ಗೈರು.

ಅಂದರೆ ಜನವರಿಯಲ್ಲಿ ಸಾಕ್ಷಿ ಹಂತಕ್ಕೆ ಅಂತ ನಾನು ದುಡ್ಡು ಕಳಿಸುವ ಹೊತ್ತಿಗೆ ಕೇಸೇ ಇರಲಿಲ್ಲ. ಎರಡು ತಿಂಗಳ ಹಿಂದೆ ಸತ್ತುಹೋಗಿತ್ತು. ಅಮ್ಮ 'ಏನಂತೆ?' ಅಂತ ಕೇಳಿದಳು. ನನಗೆ ಹೇಳಲು ಬಾಯಿ ಬರಲಿಲ್ಲ. ಹುಡುಗನೇ ಹೇಳಿದ.

ಮಾರನೇ ದಿನವೇ ಮಂಡ್ಯಕ್ಕೆ ಹೋದೆವು. ವಕೀಲರು ಗಾಬರಿಯಾಗಲಿಲ್ಲ. ಅದು ನನಗೆ ಜಾಸ್ತಿ ನೋವು ಕೊಟ್ಟಿತು. 'ಅದೇನೂ ಇಲ್ಲ ಮೇಡಂ, ಆಗುತ್ತೆ, ರೀಸ್ಟೋರ್ ಮಾಡಿಸೋಣ, ಒಂದು 15,000 ಆಗುತ್ತೆ' ಅಂದರು. ನಾನು ಕೇಳಿದೆ, ಸರ್, ಇಲ್ಲಿವರೆಗೆ ಕೊಟ್ಟಿದ್ದಕ್ಕೆ ಒಂದು ಲೆಕ್ಕ ಬರೆದು ಕೊಡಿ, ಆಮೇಲೆ ನೋಡೋಣ. ಅವರ ಮುಖ ಬದಲಾಯಿತು. 'ಲೆಕ್ಕನಾ? ಡಾಕ್ಟರ್ ಹತ್ರ ಹೋಗಿ ಲೆಕ್ಕ ಕೇಳ್ತೀರಾ ನೀವು?' ಅಂದರು. ಆಸ್ಪತ್ರೆಯಲ್ಲಿ ಬಿಲ್ ಕೊಡ್ತಾರೆ ಸರ್ ಅಂದೆ. ನನ್ನ ಧ್ವನಿ ನಡುಗುತ್ತಿತ್ತು. ಅಮ್ಮ ನನ್ನ ಮೊಣಕೈ ಹಿಡಿದು ಎಳೆದಳು. ಫೈಲ್ ಕೊಡಿ ಅಂದಾಗ, 'ಬಾಕಿ 15,000 ಕೊಟ್ಟು ತಗೊಂಡು ಹೋಗಿ' ಅಂದರು. ರೀಸ್ಟೋರ್‌ಗೆ ಕೇಳಿದ್ದ 15,000 ಐದೇ ನಿಮಿಷದಲ್ಲಿ ಹಳೇ ಬಾಕಿ ಆಗಿತ್ತು.

ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾವು ಲೆಕ್ಕ ಕೇಳದ ಜನ ಅಲ್ಲ. ತರಕಾರಿಯವರ ಹತ್ತಿರ ಒಂದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಗಾರೆ ಕೆಲಸದವರಿಗೆ ಕೊಟ್ಟ ಸಿಮೆಂಟ್ ಚೀಲ ಎಣಿಸುತ್ತೇವೆ. ವಕೀಲರ ಮುಂದೆ ಮಾತ್ರ ನಾಲಿಗೆ ಕಟ್ಟುತ್ತದೆ. ಅದು ಬರೀ ಗೌರವ ಅಂತ ನಾನು ಅಂದುಕೊಂಡಿದ್ದೆ, ಈಗ ಹಾಗೆ ಅನ್ನಿಸುತ್ತಿಲ್ಲ. ಅದರಲ್ಲಿ ಭಯವೇ ಜಾಸ್ತಿ. ಫೈಲು ಅವರ ಹತ್ತಿರ, ವಕಾಲತ್ತು ಅವರ ಹೆಸರಲ್ಲಿ, ಜಡ್ಜ್ ಮುಂದೆ ಎದ್ದು ಮಾತಾಡುವವರು ಅವರು. ಮುನಿಸಿಕೊಂಡು ಒಂದು ದಿನ ಬರದಿದ್ದರೆ? ಆ ಕಡೆಯ ವಕೀಲರು ಅವರ ಜೊತೆ ಟೀ ಕುಡಿಯುವುದನ್ನು ನೋಡಿದ್ದೇವೆ, ಏನಾದರೂ ಮಾತಾಡಿಕೊಂಡುಬಿಟ್ಟರೆ? ಹೀಗೆ ಯೋಚನೆ ಓಡುತ್ತದೆ. ಇಬ್ಬರು ವಕೀಲರು ಒಟ್ಟಿಗೆ ಟೀ ಕುಡಿಯುವುದರಲ್ಲಿ ತಪ್ಪೇನೂ ಇಲ್ಲ ಅಂತ ಈಗ ಗೊತ್ತು. ಆದರೆ ಏನೂ ಹೇಳದೆ ಕತ್ತಲಲ್ಲಿ ಕೂರಿಸಿದರೆ ಮನಸ್ಸಿಗೆ ಬರುವುದು ಅಂಥದ್ದೇ ಅಲ್ವಾ.

ಮೈಸೂರಿನಲ್ಲಿ ನನ್ನ ಸಹೋದ್ಯೋಗಿಯ ಅಕ್ಕ ವಕೀಲೆ. ಅವರ ಹತ್ತಿರ ಹೋದೆವು. ಅವರು ಮಾಡಿದ ಮೊದಲ ಕೆಲಸ, ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆದು ಸಹಿ ಹಾಕಿದ್ದು. ಫೀಸು ಎಷ್ಟು, ಅದು ಯಾವ ಹಂತದವರೆಗೆ, ಖರ್ಚಿಗೆ ರಸೀದಿ ಕೊಡಲಾಗುವುದು. ಅಮ್ಮ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು. ಎರಡನೇ ಕೆಲಸ, ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿಸಿ ದಾವೆಯ ಪ್ರತಿ ಮತ್ತು ಪ್ರತಿ ವಾಯ್ದೆಯಲ್ಲಿ ಏನಾಯಿತು ಅಂತ ಕೋರ್ಟ್ ಬರೆದಿಡುವ ಆರ್ಡರ್ ಶೀಟಿನ ದೃಢೀಕೃತ ನಕಲು ತರಿಸಿದ್ದು. ಇದಕ್ಕೆ ಹಳೇ ವಕೀಲರ ಅಪ್ಪಣೆ ಬೇಕಿಲ್ಲ, ಕೇಸಿನ ಕಕ್ಷಿದಾರರು ಯಾರು ಬೇಕಾದರೂ ಪಡೆಯಬಹುದು.

ಆ ಹಾಳೆಗಳನ್ನು ಮತ್ತು ಐದು ಪಂಚಾಂಗಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಕೂತೆವು. ಆರ್ಡರ್ ಶೀಟಿನಲ್ಲಿ 31 ದಿನಾಂಕಗಳಿದ್ದವು. 14 ಕಡೆ ನಮ್ಮ ವಕೀಲರು ಬಂದಿರಲಿಲ್ಲ ಅಥವಾ ಕಾಲಾವಕಾಶ ಕೇಳಿದ್ದರು. ಕಮಿಷನರ್ ನೇಮಕಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ದಾವೆಯ ಕೊನೆಯಲ್ಲಿ ಕೋರ್ಟ್ ಶುಲ್ಕದ ಲೆಕ್ಕವಿತ್ತು. ಕರ್ನಾಟಕದಲ್ಲಿ ಕೋರ್ಟ್ ಶುಲ್ಕಕ್ಕೆ 1958ರ ಕಾಯ್ದೆ ಇದೆ, ಅದರ 35(2)ನೇ ಕಲಮಿನ ಪ್ರಕಾರ, ಜಮೀನು ಇನ್ನೂ ಒಟ್ಟು ಕುಟುಂಬದ ಸ್ವಾಧೀನದಲ್ಲಿದೆ ಅಂತ ಹೇಳಿ ಭಾಗ ಕೇಳಿದರೆ ಶುಲ್ಕ ಜಮೀನಿನ ಬೆಲೆಯ ಜೊತೆ ಏರುತ್ತಾ ಹೋಗುವುದಿಲ್ಲ. ನಮ್ಮ ದಾವೆಗೆ ಕಟ್ಟಿದ್ದು 200 ರೂಪಾಯಿ. ಟೈಪಿಂಗ್, ವೆಲ್‌ಫೇರ್ ಸ್ಟಾಂಪ್, ಸಮನ್ಸ್ ಖರ್ಚು, ಪಹಣಿ ಪ್ರತಿ ಎಲ್ಲ ಸೇರಿಸಿ ಧಾರಾಳವಾಗಿ ಹಿಡಿದರೂ 2,000 ದಾಟುವುದಿಲ್ಲ ಅಂದರು ಹೊಸ ವಕೀಲರು. ನಾವು ಕೊಟ್ಟಿದ್ದು 12,000.

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ದಾವೆಯಲ್ಲಿ ಅಮ್ಮನಿಗೆ ಕೇಳಿದ್ದು ಒಂಬತ್ತರಲ್ಲಿ ಒಂದು ಭಾಗ, ಅಂದರೆ ತಾತ ಮತ್ತು ಇಬ್ಬರು ಮಾವಂದಿರಿಗೆ ಸಮನಾಗಿ ಹಂಚಿ, ತಾತನ ಪಾಲಿನಲ್ಲಿ ಮಾತ್ರ ಅಮ್ಮನಿಗೆ ಮೂರರಲ್ಲೊಂದು. 90 ಗುಂಟೆಯಲ್ಲಿ 10 ಗುಂಟೆ. 2019ರಲ್ಲಿ ಅದು ತಪ್ಪಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಮಾಡಿದ ನಮ್ಮ ರಾಜ್ಯದ 1994ರ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯವಾಗುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಅವರಿಗೂ ಸಮಪಾಲು ಕೊಟ್ಟಿತು, ಆದರೆ ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ತಾತ ಇರಲಿಲ್ಲ. ಆಮೇಲೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ವಿನೀತಾ ಶರ್ಮಾ ಪ್ರಕರಣದಲ್ಲಿ, ತಂದೆ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ತೀರ್ಪು ಕೊಟ್ಟಿತು. ಅದರ ಪ್ರಕಾರ ಅಮ್ಮನ ಪಾಲು ಮೂರರಲ್ಲಿ ಒಂದು, 30 ಗುಂಟೆ. ಪೇಪರ್, ಟಿವಿ ಎಲ್ಲ ಕಡೆ ಬಂದ ತೀರ್ಪು. ನಮ್ಮ ವಕೀಲರಿಗೆ ಗೊತ್ತಿರಲೇಬೇಕು. ಆದರೂ ಎರಡು ವರ್ಷಕ್ಕೂ ಮೇಲೆ ದಾವೆಯಲ್ಲಿ ಒಂದಕ್ಷರ ತಿದ್ದಲಿಲ್ಲ, ಅಮ್ಮನಿಗೆ ಒಂದು ಮಾತು ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಇಲ್ಲೇ ಇದೆ. ದುಡ್ಡು ಹೆಚ್ಚು ತೆಗೆದುಕೊಂಡದ್ದನ್ನು ಹೇಗೋ ನುಂಗಿಕೊಳ್ಳಬಹುದು. 10 ಗುಂಟೆ ಕೇಳುವ ಹೆಂಗಸಿಗೆ 30 ಗುಂಟೆಯ ಹಕ್ಕಿದೆ ಅಂತ ಹೇಳುವುದಕ್ಕೇ ಅಲ್ವಾ ವಕೀಲರಿಗೆ ಫೀಸು ಕೊಡುವುದು?

ನಾನು ಪೂರ್ತಿ 86,500 ವಾಪಸ್ ಕೇಳಬೇಕು ಅಂದೆ. ಅಮ್ಮ ಒಪ್ಪಲಿಲ್ಲ. 'ಅಲ್ಲ ಕಣವ್ವ, ದಾವೆ ಹಾಕ್ದ, ತಡೆ ತಂದ. ಅಷ್ಟ್ ಕೆಲ್ಸ ಮಾಡವ್ನೆ ತಾನೆ? ಮಾಡ್ದಷ್ಟುಕ್ಕೆ ಕೊಡ್ದೆ ಇದ್ರೆ ನಮ್ಗೂ ಒಳ್ಳೇದಲ್ಲ' ಅಂದಳು. ಇದರ ಮೇಲೆ ನಾವಿಬ್ಬರೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅಮ್ಮನ ಲೆಕ್ಕವೇ ಉಳಿಯಿತು. ಒಪ್ಪಿದ ಫೀಸು 50,000, ವಾಯ್ದೆಗೆ ಕೊಟ್ಟ 11,500, ನಿಜವಾದ ಖರ್ಚು 2,000, ಇಷ್ಟನ್ನು ಕೇಳುವುದಿಲ್ಲ. ಕೋರ್ಟ್ ಶುಲ್ಕದ ಹೆಸರಲ್ಲಿ ಹೆಚ್ಚು ಹೋದ 10,000, ಬಾರದ ಕಮಿಷನರ್‌ನ 8,000, ಸತ್ತ ಕೇಸಿಗೆ ತೆಗೆದುಕೊಂಡ 5,000. ಇಷ್ಟು ವಾಪಸ್ ಬೇಕು. ಜೊತೆಗೆ ಆ ನಡುವೆ ಕೇಸು ಮತ್ತೆ ಜೀವ ಪಡೆಯುವಾಗ ಕೋರ್ಟ್ ನಮ್ಮ ಮೇಲೆ ಹಾಕಿದ ವೆಚ್ಚ 2,000. ಒಟ್ಟು 25,000.

ಕೇಸು ಮತ್ತೆ ಜೀವ ಪಡೆದದ್ದೂ ಸುಲಭವಾಗಿ ಅಲ್ಲ. ಗೈರಿನಿಂದ ವಜಾ ಆದ ದಾವೆಯನ್ನು ಮರಳಿ ತರಲು 30 ದಿನದೊಳಗೆ ಅರ್ಜಿ ಹಾಕಬೇಕು. ನಮಗೆ ಗೊತ್ತಾಗುವ ಹೊತ್ತಿಗೆ ಅದು ಮುಗಿದು ಎಷ್ಟೋ ದಿನವಾಗಿತ್ತು. ತಡವಾದದ್ದಕ್ಕೆ ಕಾರಣ ಹೇಳಿ ಇನ್ನೊಂದು ಅರ್ಜಿ, ಅದಕ್ಕೆ ಅಮ್ಮನ ಅಫಿಡವಿಟ್. ಹಳೇ ವಕೀಲರ ಒಪ್ಪಿಗೆ ಇಲ್ಲದೆ ಹೊಸ ವಕಾಲತ್ತು ಹಾಕುವುದು ಹೇಗೆ ಅಂತ ನಾವು ಹೆದರಿದ್ದೆವು. ಒಪ್ಪಿಗೆ ಸಿಗದಿದ್ದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಕೇಳಬಹುದು ಅಂತ ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮದಲ್ಲೇ ಇದೆಯಂತೆ. ಹಾಗೇ ಆಯಿತು. ಫೈಲ್ ವಿಷಯಕ್ಕೆ 2000ದಲ್ಲೇ ಸುಪ್ರೀಂ ಕೋರ್ಟ್ ತೀರ್ಪಿದೆ, ಆರ್.ಡಿ. ಸಕ್ಸೇನಾ ಪ್ರಕರಣ. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಫೈಲನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ. ಬಾಕಿ ನಿಜವಾಗಿ ಇದ್ದರೆ ಅದನ್ನು ವಸೂಲು ಮಾಡುವ ದಾರಿ ಬೇರೆ.

ಪತ್ರ ನಾನೇ ಬರೆದೆ. ಮೊದಲು ಬರೆದದ್ದು ನಾಲ್ಕು ಪುಟ. ಮೋಸ, ಕಣ್ಣೀರು, ವಿಧವೆ, ದೇವರು ನೋಡ್ತಾನೆ, ಎಲ್ಲ ಇತ್ತು. ಹೊಸ ವಕೀಲರು ಓದಿ, ಇದೆಲ್ಲ ನಿಜ, ಆದರೆ ಇದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ, ಉತ್ತರ ಕೊಡಲೇಬೇಕಾದದ್ದನ್ನು ಬರೆಯಿರಿ ಅಂದರು. ಒಂದು ಪುಟಕ್ಕೆ ಇಳಿಸಿದೆ. ಯಾವ ದಿನ ಎಷ್ಟು ಕೊಟ್ಟೆವು, ಯಾವುದಕ್ಕೆ ಅಂತ ಹೇಳಿದ್ದರು, ದಾಖಲೆಯಲ್ಲಿ ಏನಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಕಕ್ಷಿದಾರರ ದುಡ್ಡಿಗೆ ಲೆಕ್ಕ ಇಡಬೇಕು, ಯಾವುದು ಫೀಸು ಯಾವುದು ಖರ್ಚು ಅಂತ ತೋರಿಸಬೇಕು, ಖರ್ಚಿಗೆ ಕೊಟ್ಟದ್ದನ್ನು ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ತಿರುಗಿಸುವ ಹಾಗಿಲ್ಲ, ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು. ಆ ಲೆಕ್ಕ ಮತ್ತು ಫೈಲನ್ನು 15 ದಿನದಲ್ಲಿ ಕೊಡಿ. ಅಷ್ಟೇ. ಅಮ್ಮ ಸಹಿ ಹಾಕಿದಳು. ಮೈಸೂರಿನ ದೊಡ್ಡ ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಆ ಚೀಟಿಯನ್ನು ಪಂಚಾಂಗದೊಳಗೆ ಇಟ್ಟಳು.

ಹನ್ನೊಂದನೇ ದಿನ ಅವರ ಗುಮಾಸ್ತ ಫೋನ್ ಮಾಡಿ ಫೈಲ್ ತಗೊಂಡು ಹೋಗಿ ಅಂದ. ಹೋದಾಗ ಒಂದು ಕವರ್ ಕೊಟ್ಟ, ಒಳಗೆ 13,000. ಕಮಿಷನರ್‌ನದ್ದು ಮತ್ತು ಜನವರಿಯದ್ದು. ಇವೆರಡಕ್ಕೂ ಹೇಳಲು ಏನೂ ಇರಲಿಲ್ಲ ಅಂತ ಕಾಣುತ್ತದೆ. ಉಳಿದ 12,000ದ ಬಗ್ಗೆ ಮಾತಿಲ್ಲ. ಲೆಕ್ಕ ಬರೆದ ಕಾಗದವೂ ಇಲ್ಲ. ವಕೀಲರು ಒಳಗೇ ಇದ್ದರು, ಹೊರಗೆ ಬರಲಿಲ್ಲ.

ಉಳಿದದ್ದಕ್ಕೆ ಎಲ್ಲಿ ಹೋಗುವುದು? ಗ್ರಾಹಕರ ಆಯೋಗ ಅಂತ ನನ್ನ ತಲೆಯಲ್ಲಿತ್ತು. ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಬರುತ್ತದೆ ಅಂತ 2007ರಲ್ಲಿ ರಾಷ್ಟ್ರೀಯ ಆಯೋಗ ಹೇಳಿತ್ತು, ಆದರೆ ಅದು ಸುಪ್ರೀಂ ಕೋರ್ಟಿನ ಮುಂದಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ವಕೀಲರು ಕಕ್ಷಿದಾರರ ಸೂಚನೆಯಂತೆ, ಅವರ ಹಿಡಿತದಲ್ಲಿ ಕೆಲಸ ಮಾಡುವವರು, ಹಾಗಾಗಿ ಇದು ವೈಯಕ್ತಿಕ ಸೇವೆಯ ಒಪ್ಪಂದ, ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅನ್ನುವುದು ಅದರ ಸಾರ. ಕಾನೂನಿನ ದೃಷ್ಟಿಯಿಂದ ಸರಿ ಇರಬಹುದು. ನನಗೆ ಮಾತ್ರ ಓದಿದಾಗ ಅಮ್ಮ ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತಿದ್ದು ನೆನಪಾಯಿತು. ಅವಳ ಹಿಡಿತದಲ್ಲಿ ಏನಿತ್ತು?

ಸಿವಿಲ್ ಕೋರ್ಟಿಗೆ ಹೋಗಬಹುದು. ನಿರ್ಲಕ್ಷ್ಯದಿಂದ ನಷ್ಟವಾದರೆ ವಕೀಲರ ಮೇಲೂ ದಾವೆ ಹೂಡಬಹುದು ಅಂತ 1926ರ ಒಂದು ಹಳೇ ಕಾಯ್ದೆ ಹೇಳುತ್ತದೆ. 12,000ಕ್ಕೆ ಮತ್ತೊಂದು ದಾವೆ, ಮತ್ತೆ ವಾಯ್ದೆಗಳು, ನೆನೆದರೇ ಸುಸ್ತಾಗುತ್ತದೆ. ಇನ್ನೊಂದು ದಾರಿ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಕೆಳಗೆ ದೂರು ಕೊಟ್ಟರೆ, ಅದರಲ್ಲಿ ಹುರುಳಿದೆ ಅನ್ನಿಸಿದರೆ ಮೂವರ ಶಿಸ್ತು ಸಮಿತಿಗೆ ಹೋಗುತ್ತದೆ. ಎಚ್ಚರಿಕೆ ಕೊಡಬಹುದು, ಕೆಲವು ಕಾಲ ವಕೀಲಿಕೆ ಮಾಡದಂತೆ ತಡೆಯಬಹುದು, ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ಆದರೆ ಆ ಸಮಿತಿ ಇರುವುದು ಶಿಕ್ಷೆ ಕೊಡಲು, ನಮ್ಮ ಫೀಸು ವಸೂಲು ಮಾಡಿಕೊಡಲು ಅಲ್ಲ. ಇದು ಗೊತ್ತಿಲ್ಲದೆ ಹೋದರೆ ನಿರಾಸೆಯಾಗುತ್ತದೆ.

ಇಷ್ಟೆಲ್ಲ ಓಡಾಟದಲ್ಲಿ ನನಗೆ ತುಂಬಾ ಹೊಟ್ಟೆ ಉರಿಸಿದ ವಿಷಯ ಒಂದಿದೆ. ಅದೇ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬೋರ್ಡ್ ಇದೆ. 1987ರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಅವರ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಕೂಡ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಅಮ್ಮ ಆ ಬೋರ್ಡಿನ ಮುಂದೆ ಎಷ್ಟು ಸಲ ನಡೆದುಹೋಗಿದ್ದಾಳೋ. ನಾನೂ ಹೋಗಿದ್ದೇನೆ. ಅದು ಬಡವರಿಗೆ, ನಮಗಲ್ಲ ಅಂದುಕೊಂಡಿದ್ದೆ. ಅಕ್ಷರ ಕಲಿತ ನಾನು ಒಂದು ಸಲ ಒಳಗೆ ಹೋಗಿ ಕೇಳಲಿಲ್ಲವಲ್ಲ ಅಂತ ಇವತ್ತಿಗೂ ನೋವಾಗುತ್ತದೆ.

ದಾವೆಗೆ ತಿದ್ದುಪಡಿ ಆಯಿತು, ಈಗ ಕೇಳಿರುವುದು 30 ಗುಂಟೆ. ಅಮ್ಮನ ಸಾಕ್ಷಿ ಮುಗಿದಿದೆ. ಹಳೇ ವಕೀಲರು ಒಮ್ಮೊಮ್ಮೆ ಕೋರ್ಟಿನಲ್ಲಿ ಎದುರಾಗುತ್ತಾರೆ, ಅಮ್ಮ ನಮಸ್ಕಾರ ಹೇಳುತ್ತಾಳೆ, ನಾನು ಹೇಳುವುದಿಲ್ಲ. ಪರಿಷತ್ತಿಗೆ ಕೊಡುವ ದೂರಿನ ಅರ್ಜಿಯನ್ನು ಟೈಪ್ ಮಾಡಿಸಿ ಇಟ್ಟಿದ್ದೇನೆ. 12,000ಕ್ಕಾಗಿ ಅಲ್ಲ, ಕೇಸು ವಜಾ ಆದದ್ದನ್ನು ನಮ್ಮಿಂದ ಮುಚ್ಚಿಟ್ಟು ದುಡ್ಡು ತೆಗೆದುಕೊಂಡದ್ದಕ್ಕೆ. 'ಭಾಗದ್ದು ತೀರ್ಮಾನ ಆಗ್ಲಿ, ಆಮೇಕೆ ಹಾಕನ' ಅಂತ ಅಮ್ಮ ಸಹಿ ಹಾಕದೆ ಅದನ್ನೂ ಪಂಚಾಂಗದೊಳಗೆ ಸೇರಿಸಿದ್ದಾಳೆ. ಅದು ಅವಳ ಕೇಸು, ಅವಳ ಸಹಿ. ನಾನು ಒತ್ತಾಯ ಮಾಡುತ್ತಿಲ್ಲ.

ಹೋದ ವಾಯ್ದೆಯ ದಿನ ನಾನೂ ರಜೆ ಹಾಕಿ ಜೊತೆಗೆ ಹೋಗಿದ್ದೆ. ಕೋರ್ಟ್ ಹಾಲಿನಿಂದ ಹೊರಗೆ ಬಂದ ತಕ್ಷಣ ಅಮ್ಮ ವಕೀಲೆಯನ್ನು ನಿಲ್ಲಿಸಿ, 'ಇವತ್ತು ಏನಾಯ್ತು ಅಂತ ವಸಿ ಹೇಳವ್ವ' ಅಂದಳು. ಅವರು ಮೆಟ್ಟಿಲ ಮೇಲೇ ನಿಂತು ಐದು ನಿಮಿಷ ಹೇಳಿದರು, ಮುಂದಿನ ದಿನಾಂಕ ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ, ಮಡಿಸಿ, ಡಬ್ಬಿ ಇದ್ದ ಚೀಲಕ್ಕೆ ಹಾಕಿಕೊಂಡಳು.